ಮನೆಯಲ್ಲಿಲ್ಲದ ಅತ್ತೆಯಿಂದ ಥರ್ಮೋಸ್ಟಾಟ್ ಮಹಾಶಯರಿಗೆ

ಸ್ಕ್ರಿಪ್ಸ್ ರ್ಯಾಂಚ್, ಸ್ಯಾನ್ ಡಿಯೇಗೊ
ಜನವರಿ ೨೦೧೫

ಮೊನ್ನೆಯವರೆಗೆ ಹಾಲ್‌ನ ಗೋಡೆಯ ಮೇಲೆ ವಿರಾಜಮಾನರಾಗಿದ್ದ, ‘ಸ್ಮಾರ್ಟ್’ ಎಂಬ ಬಿರುದು ಹೊತ್ತ ಥರ್ಮೋಸ್ಟಾಟ್ ಮಹಾಶಯರ ಸನ್ನಿಧಿಗೆ ವಿಜಯಪುರದ ನಿವೃತ್ತ ಮುಖ್ಯೋಪಾಧ್ಯಾಯಿನಿ ಗುರುಶಾಂತವ್ವ ಮಾಡುವ ಶರಣುಗಳು.

ಮಾನ್ಯರೇ,

ಮಗಳು ಸಿಂಧೂರಳ ಬಾಣಂತನಕ್ಕೆಂದು ನಾನಿಲ್ಲಿಗೆ ಬಂದು ಏಳು ವಾರವಾಯಿತು. ಈ ಊರಲ್ಲಿ ಚಳಿಯೇ ಇಲ್ಲವೆಂದವರ ಮಾತು ನಂಬಿ ಒಂದೇ ಶಾಲು ತಂದದ್ದು ನನ್ನ ತಪ್ಪು. ಅದಕ್ಕಾಗಿ ತಮ್ಮನ್ನು ದೂರುವುದಿಲ್ಲ. ಡಿಸೆಂಬರಿನ ಗ್ಯಾಸ್ ಬಿಲ್ ನೋಡಿ ದಿಗಿಲುಬಿದ್ದ ಅಳಿಯ ತೇಜಸ್ವಿಯವರು ಹೀಟರಿನ ಖರ್ಚು ತಗ್ಗಿಸಲೆಂದು ತಮ್ಮನ್ನು ಗೋಡೆಗೆ ಕೂರಿಸಿ, “ಅತ್ತೆ, ಮನೇಲಿ ಯಾರಾದ್ರೂ ಓಡಾಡ್ತಿದ್ದಾರಾ ಅಂತ ಇದು ನೋಡ್ತಿರತ್ತೆ. ಯಾರೂ ಇಲ್ಲ ಅಂದ್ರೆ ತಾನೇ ಹೀಟರ್ ಆಫ್ ಮಾಡತ್ತೆ,” ಎಂದು ಪರಿಚಯಿಸಿದಾಗ ನಾನು ಕೈಮುಗಿದೆ ಕೂಡ.

ಮೂವತ್ತನಾಲ್ಕು ವರ್ಷ ಹಾಜರಿ ಕರೆದವಳು ನಾನು. ಅಲುಗಾಡದೆ ಕುಳಿತ ಮಗುವನ್ನು ಗೈರುಹಾಜರೆಂದು ಬರೆಯುವ ಬುದ್ಧಿ ನನಗೆ ಒಮ್ಮೆಯೂ ಹೊಳೆಯಲಿಲ್ಲ. ತಮಗೆ ಬಂದ ಮೊದಲ ವಾರದಲ್ಲೇ ಹೊಳೆಯಿತು.

ಕಳೆದ ಮಂಗಳವಾರ ಸಿಂಧೂರ ಡಾಕ್ಟರ ಬಳಿ ಹೋಗಿದ್ದಳು. ಬೆಳಗಿನಿಂದ ಹಟ ಹಿಡಿದಿದ್ದ ಕೂಸು ಸಂಹಿತಾ ನನ್ನ ತೊಡೆಯ ಮೇಲೆ ಅಂತೂ ನಿದ್ದೆಹೋಯಿತು. ಎಚ್ಚರವಾದೀತೆಂದು ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತ ಕುಳಿತೆ. ಮನೆ ನಿರ್ಜನವೆಂದು ತಾವು ತೀರ್ಮಾನಿಸಿ ಹೀಟರ್ ನಿಲ್ಲಿಸಿದಿರಿ. ಕೂಸಿನ ಪಾದ ತಣ್ಣಗಾಯಿತು. ನನ್ನ ಶಾಲನ್ನು ಅದಕ್ಕೆ ಸುತ್ತಿ, ತಮ್ಮತ್ತ ಒಂದು ಕೈ ಬೀಸಿದೆ. ಗಮನಿಸುವ ಕೃಪೆ ಮಾಡಲಿಲ್ಲ. ಅಷ್ಟರಲ್ಲಿ ಆಫೀಸಿನಿಂದ ಅಳಿಯನ ಫೋನು: “ಅತ್ತೆ, ಮನೇಲಿ ಯಾರೂ ಇಲ್ಲ ಅಂತ ನನ್ನ ಫೋನಲ್ಲಿ ತೋರಿಸ್ತಿದೆ. ಪಾಪು ಕರ್ಕೊಂಡು ಎಲ್ಲಿ ಹೋದ್ರಿ?”

“ಎಲ್ಲೂ ಇಲ್ಲಪ್ಪ, ಇಲ್ಲೇ ಕುಂತೀನಿ.”

“ಹಾಗಾದ್ರೆ ಸ್ವಲ್ಪ ಎದ್ದು ಓಡಾಡಿ ಅತ್ತೆ.”

ಓಡಾಡಿದೆ. ಸಿಂಧೂರ ಬಂದಾಗ ಚೀರುವ ಕೂಸನ್ನೆತ್ತಿಕೊಂಡು, ನಡುಗುತ್ತ, ತಮ್ಮೆದುರು ನಾನು ಕವಾಯತು ಮಾಡುತ್ತಿದ್ದೆ. ಸಂಜೆ ಅವಳು ಗಂಡನಿಗೆ ಒಂದೇ ಮಾತು ಕೇಳಿದಳು: “ಆ ಡಬ್ಬಿ ಹೇಳಿದ್ದು ನಂಬತೀರಿ, ನಮ್ಮವ್ವ ಹೇಳಿದ್ದು ನಂಬೂದಿಲ್ಲೇನು?” ತೇಜಸ್ವಿಯವರು ಕೂಸಿನ ಪಾದವನ್ನು ಎರಡೂ ಅಂಗೈಯಲ್ಲಿ ಹಿಡಿದು ಕಾಯಿಸುತ್ತ ಕುಳಿತರು. ನನಗೆ ಸಿಟ್ಟೆಲ್ಲ ಇಳಿದುಹೋಯಿತು.

ಮರುದಿನ ಊದುಬತ್ತಿ ಹಚ್ಚಿಕೊಂಡು ಮನೆಯೆಲ್ಲ ತಿರುಗಿದೆ. ಗರಾಜಿನ ಬಾಗಿಲ ಬಳಿ ಹೊಗೆ ಬಾಗಿತು, ಬೆಂಕಿಯನ್ನೇ ಕಾಣದ ಫೈರ್‌ಪ್ಲೇಸಿನೆದುರು ಇನ್ನೂ ಹೆಚ್ಚು ಬಾಗಿತು. ದುಡ್ಡು ಕೊಟ್ಟು ಕಾಯಿಸಿದ ಗಾಳಿ ಹೋಗುತ್ತಿದ್ದುದು ಅಲ್ಲಿಂದ. ನನ್ನ ಹಳೆಯ ಇಳಕಲ್ ಸೀರೆ ಸುರುಳಿಯಾಗಿ ಬಾಗಿಲ ಸಂದಿಗೆ ಸೇರಿತು. ಅಳಿಯ ರಜೆ ಹಾಕಿ, ಮಂಡಿಯೂರಿ, ನಾನು ತೋರಿಸಿದಲ್ಲೆಲ್ಲ ಟೇಪು ಅಂಟಿಸಿದರು. ಮನೆ ಬೆಚ್ಚಗಾಯಿತು. ಭಾನುವಾರ ತಮ್ಮನ್ನು ಇಳಿಸಿ ಹೀಟರಿನ ಹಳೆಯ ತಿರುಗಣೆಯನ್ನೇ ಮತ್ತೆ ಕೂರಿಸಿದರು.

ತಮ್ಮ ಪ್ರತಿಭೆ ವ್ಯರ್ಥವಾಗಬಾರದು. ತಮ್ಮನ್ನು ಶಾಸನಸಭೆಗಳ ಗೋಡೆಗೇರಿಸಿದರೆ, ಅಲುಗಾಡದೆ ಕುಳಿತ ಸದಸ್ಯರೆಲ್ಲ ಗೈರೆಂದು ದಾಖಲಾಗಿ, ಭತ್ಯೆಯಲ್ಲಿ ಎಷ್ಟು ಉಳಿತಾಯ! ಹೊರಡುವ ಮುನ್ನ, ನಿದ್ದೆಯಲ್ಲೂ ಕೈಬೀಸುವ ವಿದ್ಯೆಯನ್ನು ನನ್ನ ಮೊಮ್ಮಗಳಿಗೆ ಕಲಿಸಿ ಹೋಗಬೇಕಾಗಿ ಪ್ರಾರ್ಥನೆ.

ಕಣ್ಣಿಗೆ ಬೀಳದಿದ್ದರೂ ತಮ್ಮ ವಿಶ್ವಾಸಿ,
ಗುರುಶಾಂತವ್ವ

ತಾ.ಕ.: ತಮ್ಮನ್ನು ಅಳಿಯನ ಸ್ನೇಹಿತ ಗಿರೀಶ ಒಯ್ಯುತ್ತಿದ್ದಾರೆ. ಅವರ ತಾಯಿ ಭಾನುಮತಿಯವರು ಮಾರ್ಚಿನಲ್ಲಿ ಬರುತ್ತಾರೆ. ಫೋನಿನಲ್ಲಿ ಮಾತಾಡಿದ್ದೇನೆ, ಜೇಡರ ಬಲೆ ಕಂಡಲ್ಲೆಲ್ಲ ಪೊರಕೆ ಬೀಸುವ ಅಭ್ಯಾಸವಂತೆ. ಮನೆಯಲ್ಲಿ ಯಾರೂ ಇಲ್ಲವೆನ್ನಲು ತಮಗೆ ಇನ್ನು ಬಿಡುವಿರದು.