ಶುದ್ಧ ಹಕ್ಕಿ ಹಪ್ಪಳ

ಹಾಲು ಉಕ್ಕುವುದಕ್ಕೆ ಒಂದು ಕ್ಷಣ ಮೊದಲು ಒಲೆ ಆರಿಸುವುದು ನನ್ನ ದಿನದ ಮೊದಲ ಸಾಧನೆ. ಆ ಬೆಳಿಗ್ಗೆಯೂ ಆರಿಸಿದೆ. ಡಿಕಾಕ್ಷನ್ ಇಳಿಯಿತು. ಯಜಮಾನರು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು. ಬಕೆಟ್ಟಿಗೆ ನೀರು ಬೀಳುವ ಸದ್ದು ಶುರುವಾಯಿತು. ಇನ್ನು ಹದಿನೈದು ನಿಮಿಷ ಇಡೀ ನಂಜನಗೂಡಿನಲ್ಲಿ ನನ್ನನ್ನು ಕರೆಯುವವರಿಲ್ಲ. ಕಾಫಿ ಲೋಟ ಹಿಡಿದು ಮೊಬೈಲಿನ ಮುಂದೆ ಕೂತೆ.

ಮೊಬೈಲು ನನ್ನನ್ನು ದಿನವೂ ಒಂದು ಪ್ರಶ್ನೆ ಕೇಳುತ್ತದೆ. 'ನೀವು ನಿನ್ನೆ ಹೋಗಿದ್ದ ಹಿಟ್ಟಿನ ಗಿರಣಿ ಹೇಗಿತ್ತು?' 'ಟೈಲರ್ ಅಂಗಡಿ ಹೇಗಿತ್ತು?' ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಈ ಮನೆಯಲ್ಲಿ ನನ್ನ ಅಭಿಪ್ರಾಯವನ್ನು ಇಷ್ಟು ವಿನಯದಿಂದ ಕೇಳಿದ್ದು ಅದೊಂದೇ. ಕೇಳಿದ ಮೇಲೆ ಉತ್ತರಿಸದಿದ್ದರೆ ಮರ್ಯಾದೆಯೇ?

ಉತ್ತರಿಸುವುದು ಸುಲಭ. ಐದು ನಕ್ಷತ್ರಗಳು ಸಾಲಾಗಿ ಬರುತ್ತವೆ, ಎಷ್ಟು ಬೇಕೋ ಅಷ್ಟು ಒತ್ತಬೇಕು. ನಕ್ಷತ್ರದ ವಿಷಯವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು! ನಮ್ಮ ಸಿಸ್ಟರ್ ನೋಟ್‌ಬುಕ್ಕಿನ ಮೂಲೆಯಲ್ಲಿ ಬಂಗಾರದ ಬಣ್ಣದ ನಕ್ಷತ್ರ ಅಂಟಿಸುತ್ತಿದ್ದರು. ಒಂದು ಎಂದರೆ ಫಸ್ಟ್. ಎರಡು ಎಂದರೆ ಸೆಕೆಂಡ್. ಐದು ಬಂದರೆ ನಾಳೆ ಅಪ್ಪನನ್ನು ಕರೆದುಕೊಂಡು ಬರಬೇಕು. ನನಗೆ ಯಾವತ್ತೂ ಎರಡರ ಮೇಲೆ ಬಂದಿರಲಿಲ್ಲ ಎಂಬುದನ್ನು ಇಲ್ಲಿ ವಿನಯಪೂರ್ವಕವಾಗಿ ದಾಖಲಿಸುತ್ತೇನೆ.

ಹಾಗಾಗಿ ರವಿಕೆಯನ್ನು ಅಳತೆಗೆ ಸರಿಯಾಗಿ ಹೊಲಿದ ಟೈಲರಿಗೆ ಒಂದು ನಕ್ಷತ್ರ ಕೊಟ್ಟೆ. ನೋವಿಲ್ಲದೆ ಹಲ್ಲು ಕಿತ್ತ ಡಾಕ್ಟರಿಗೂ ಒಂದು. ಪ್ರಯಾಣದಲ್ಲಿ ಮೂಗು ಮುಚ್ಚಿಕೊಂಡು ಹೋಗಿ, ಮೂಗು ಮುಚ್ಚಿಕೊಂಡೇ ಬಂದ ಒಂದು ಶೌಚಾಲಯಕ್ಕೆ ಮಾತ್ರ ಕಠೋರವಾಗಿ ಐದು! ಒಂದು ವರ್ಷದಿಂದ ಹೀಗೆ ನ್ಯಾಯ ಹಂಚುತ್ತಿದ್ದೆ.

ಆ ದಿನದ ಗಿರಣಿಗೆ ಒಂದು ಕೊಡುವಷ್ಟರಲ್ಲಿ ಪಕ್ಕದ ಮನೆಯ ಚಿಕ್ಕತಾಯಮ್ಮ ಹಿತ್ತಲ ಬಾಗಿಲಲ್ಲಿ ಕಾಣಿಸಿಕೊಂಡರು. ಬಿಳಿಗೆರೆ ಕಡೆಯ ಹೆಣ್ಣುಮಗಳು, ಅರವತ್ತರ ಆಸುಪಾಸು. ಅವರ ಅಕ್ಕಿ ಹಪ್ಪಳ ನಮ್ಮ ಬೀದಿಯ ಹೆಮ್ಮೆ. ಹಳೆಯ ಸೀರೆ ಹಾಸಿ ಒಣಗಿಸುತ್ತಾರಾದ್ದರಿಂದ ಪ್ರತಿ ಹಪ್ಪಳದ ಬೆನ್ನಿನ ಮೇಲೂ ಸೀರೆಯ ನೇಯ್ಗೆ ಮೂಡಿರುತ್ತದೆ. ಕೆಲವುಗಳ ಮೇಲೆ ಸೀರೆಯಂಚಿನ ಮಾವಿನಕಾಯಿ ಚಿತ್ತಾರವೂ ಸಿಗುತ್ತದೆ. 'ಚಿಕ್ಕತಾಯಮ್ಮ ಹಪ್ಪಳ' ಎಂದು ಅವರ ಮನೆಯನ್ನು ಫೋನಿನ ಮ್ಯಾಪಿಗೆ ಏರಿಸಿದವಳು ನಾನೇ. ತಿ. ನರಸೀಪುರದ ಅಡುಗೆ ಕಂಟ್ರಾಕ್ಟರ್ ಶಿವಣ್ಣ ಅವರನ್ನು ಹುಡುಕಿಕೊಂಡು ಬಂದದ್ದೂ ಅದರಿಂದಲೇ. ಸೋಸಲೆ ಊರಿನವರ ಒಂದು ದೊಡ್ಡ ಮದುವೆಗೆ ಹಪ್ಪಳ ಬೇಕು, ಅದು ಚೆನ್ನಾಗಿ ನಡೆದರೆ ವರ್ಷವಿಡೀ ನಿಮ್ಮಿಂದಲೇ ಎಂದಿದ್ದ. ಚಿಕ್ಕತಾಯಮ್ಮ ಹದಿನೈದು ದಿನ ಬಿಸಿಲಲ್ಲಿ ಬೆಂದು ಹಪ್ಪಳ ಮಾಡಿ, ಮನೆಯ ಗೋಡೆಯುದ್ದಕ್ಕೂ ಡಬ್ಬ ಜೋಡಿಸಿದ್ದರು.

"ಕೆಟ್ಟೋಯ್ತು ಕಣಮ್ಮ," ಎಂದರು. ಕೂರಲಿಲ್ಲ. "ಸಿವಣ್ಣ ಫೋನ್ ಮಾಡಿದ್ದ. ನೆಟ್ಟಲ್ಲಿ ನಿಮ್ಮ ಅಪ್ಪಳ ಸರಿಯಿಲ್ಲ ಅಂತ ಬಂದದೆ, ಇವತ್ ಸಂಜೆ ಒಳ್ಗೆ ಬ್ಯಾರೆಯೋರಿಗೆ ಏಳ್ಬುಡ್ತೀನಿ ಅಂದ."

"ಯಾರು ಹಾಗೆ ಬರೆದದ್ದು?"

"ಬರ್ದಿಲ್ವಂತೆ. ಬರೀ ಒಂದೇ ಒಂದು ಸ್ಟಾರು ಕೊಟ್ಟವ್ರಂತೆ. ಎಸ್ರು ಓಂ ಟು ಅಂತೆ. ಯಾರೋ ಸ್ವಾಮಿಗೋಳಿರ್ಬೇಕು ಕಣಮ್ಮ. ನಾನು ಯಾವ ಮಠಕ್ಕೆ ಏನ್ ತೆಪ್ಪು ಮಾಡಿದ್ದೆ?"

ಒಂದು ಸ್ಟಾರ್ ಒಳ್ಳೆಯದಲ್ಲವೇ ಎಂದು ಒಂದು ಗಳಿಗೆ ಅನಿಸಿತು. ಆದರೆ ಅವರ ಕಣ್ಣು ತುಂಬಿದ್ದು ಕಂಡು ನನ್ನ ರಕ್ತ ಕುದಿಯಿತು. ಕುದಿಯುವಾಗ ಯಾರು ಯೋಚಿಸುತ್ತಾರೆ? "ನೀವು ಹೋಗಿ ಚಿಕ್ಕತಾಯಮ್ಮ. ಆ ಓಂ ಟುವನ್ನು ನಾನು ನೋಡಿಕೊಳ್ಳುತ್ತೇನೆ!" ಎಂದು ಘೋಷಿಸಿದೆ.

ತಕ್ಷಣ ನಮ್ಮ ಬೀದಿಯ ಫೋನ್ ಗ್ರೂಪಿನಲ್ಲಿ ಬರೆದೆ: 'ಎಲ್ಲರ ಗಮನಕ್ಕೆ. ಓಂ ಟು ಎಂಬ ದುಷ್ಟ ಶಕ್ತಿಯೊಂದು ನಮ್ಮ ಚಿಕ್ಕತಾಯಮ್ಮನವರ ಅನ್ನಕ್ಕೆ ಕಲ್ಲು ಹಾಕಿದೆ. ಗೊತ್ತಿದ್ದವರು ಕೂಡಲೇ ತಿಳಿಸಬೇಕಾಗಿ ವಿನಂತಿ.'

ಮೊದಲು ಏಳು ಜನ ಕೈಮುಗಿದರು. ಒಬ್ಬರು ಶುಭೋದಯದ ಗುಲಾಬಿ ಕಳಿಸಿದರು. ಆಮೇಲೆ ಹತ್ತಿಕೊಂಡಿತು. 'ಓಂ ಎಂಬ ಪವಿತ್ರ ಶಬ್ದವನ್ನು ದುಷ್ಟ ಎನ್ನಲು ನಿಮಗೆಷ್ಟು ಧೈರ್ಯ?' 'ಓಂ ಟು ಇದ್ದ ಮೇಲೆ ಓಂ ಒನ್ ಯಾರು?' 'ಇದು ಬೇರೆ ಹಪ್ಪಳದವರ ಪಿತೂರಿ.' 'ನನ್ನ ತಂಗಿಯೂ ಹಪ್ಪಳ ಮಾಡುತ್ತಾಳೆ, ನಾಲಿಗೆ ಬಿಗಿ ಹಿಡಿದು ಮಾತಾಡಿ.' ಹನ್ನೊಂದು ಗಂಟೆಗೆ ಬೀದಿ ಎರಡು ಪಕ್ಷವಾಗಿತ್ತು. ಮೂವರು ಸಿಟ್ಟಿನಿಂದ ಗ್ರೂಪ್ ಬಿಟ್ಟರು. ಅದರಲ್ಲಿ ಇಬ್ಬರು ಏನಾಯಿತೆಂದು ತಿಳಿಯದೆ ಚಡಪಡಿಸಿ ಮತ್ತೆ ಸೇರಿಕೊಂಡರು. ಇಷ್ಟೆಲ್ಲದರ ನಡುವೆ ಮ್ಯಾಪು ತೆಗೆದು ಆ ಹೆಸರನ್ನು ಕಣ್ಣಾರೆ ನೋಡಿದವರು ಒಬ್ಬರೂ ಇಲ್ಲ. ನೋಡಿಬಿಟ್ಟರೆ ಜಗಳಕ್ಕೆ ಏನು ಉಳಿಯುತ್ತದೆ? ನಾನೂ ನೋಡಲಿಲ್ಲ. ನಾನು ಸೇನಾಪತಿ. ಸೇನಾಪತಿಗೆ ಪುರುಸೊತ್ತೆಲ್ಲಿ!

ಮಧ್ಯಾಹ್ನ ಯಜಮಾನರು ಊಟಕ್ಕೆ ಬಂದರು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಯಾವುದನ್ನೂ ಮೂಲ ದಾಖಲೆ ನೋಡದೆ ನಂಬುವವರಲ್ಲ. ಸಾರಿನ ಕೈ ತೊಳೆದು, ಒರೆಸಿ, ನನ್ನ ಫೋನ್ ತೆಗೆದುಕೊಂಡು ಮ್ಯಾಪು ತೆರೆದರು.

"ಪ್ರೇಮಾ, ಇದು ಓಂ ಟು ಅಲ್ಲ ಕಣೆ. ಹೋಮ್ ಟು."

"ಯಾರದು?"

"ನನ್ನ ಫೋನು ತಗೊಂಡಾಗ ಅಕೌಂಟಿಗೆ ಹೋಮ್ ಒನ್ ಅಂತ ಹೆಸರು ಹಾಕಿದ್ದೆ. ಆಮೇಲೆ ನಿನ್ನ ಫೋನು ಬಂತು."

ಚಿಕ್ಕತಾಯಮ್ಮನ ಬಾಯಲ್ಲಿ ಹೋಮ್ ಯಾವತ್ತೂ ಓಂ ಆಗುತ್ತದೆ ಎಂದು ನನಗೆ ಹೊಳೆದದ್ದು ಆಗ. ಇನ್ನೊಂದು ಸತ್ಯ ಅದರ ಹಿಂದೆಯೇ ಬಂತು.

"ಒಂದು ಸ್ಟಾರ್ ಅಂದ್ರೆ ಫಸ್ಟ್ ತಾನೇ?" ಎಂದೆ.

"ಕೊನೇದು," ಎಂದರು ಯಜಮಾನರು. "ಐದು ಫಸ್ಟು." ಬೆರಳಿನಿಂದ ಪಟ್ಟಿಯನ್ನು ಮೇಲೆ ತಳ್ಳುತ್ತಾ ಹೋದರು. "ಅಯ್ಯೋ, ಟೈಲರಿಗೂ ಒಂದಾ? ಹಲ್ಲಿನ ಡಾಕ್ಟ್ರಿಗೂ? ಲೇ, ಈ ಕಕ್ಕಸ್ಸಿಗೆ ಐದು ಯಾಕೆ ಕೊಟ್ಟಿದ್ದೀಯೆ?"

ಉತ್ತರಿಸಲು ನಾನು ಅಲ್ಲಿರಲಿಲ್ಲ. ಹಿತ್ತಲು ದಾಟಿ ಚಿಕ್ಕತಾಯಮ್ಮನ ಮನೆಗೆ ಓಡಿದ್ದೆ.

ಡಬ್ಬಗಳ ಸಾಲಿನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಓಂ ಟು ನಾನೇ ಎಂದೆ. ಕಾನ್ವೆಂಟು, ಸಿಸ್ಟರು, ಬಂಗಾರದ ನಕ್ಷತ್ರ, ಯಾವುದನ್ನೂ ಬಿಡಲಿಲ್ಲ. ಅವರು ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು.

"ನೀವಾ? ಫಸ್ಟು ಅಂತ ಒಂದು ಕೊಟ್ರಾ?" ಎಂದು ಕೇಳಿ, "ನಾನೂ ಒಂದ್ನೇ ಕ್ಲಾಸ್ಗೇ ಇಸ್ಕೂಲು ಬುಟ್ಟಿದ್ದು ಕಣಮ್ಮ. ಫಸ್ಟು ಅಂತ ಯಾರೂ ಏಳ್ನಿಲ್ಲ," ಎಂದರು.

"ಈಗಲೇ ಸರಿಮಾಡೋಣ," ಎಂದೆ. ಒಂದನ್ನು ಐದು ಮಾಡಿದೆ. ಬರೀ ನಕ್ಷತ್ರ ಸಾಲದು, ನಾಲ್ಕು ಒಳ್ಳೆಯ ಮಾತೂ ಇರಲಿ ಎನಿಸಿತು. ಫೋನು ಮಾತಾಡಿದ್ದನ್ನು ತಾನೇ ಬರೆದುಕೊಳ್ಳುತ್ತದೆ. ಅದನ್ನು ಚಿಕ್ಕತಾಯಮ್ಮನ ಬಾಯಿಗೆ ಹಿಡಿದು, "ನೀವು ಹೇಗೆ ಮಾಡ್ತೀರಿ ಅಂತ ನೀವೇ ಹೇಳಿ," ಎಂದೆ. ಅವರು ಸೆರಗು ಸರಿಮಾಡಿಕೊಂಡು ಹೇಳಿದರು. ಫೋನು ವಿಧೇಯವಾಗಿ ಬರೆಯಿತು:

'ಟೆರೇಸ್ ಮೇಲೆ ದಿನಾ ಕಾಗೆ ಒಡೆದು ಮಾಡಿದ ಶುದ್ಧ ಅಕ್ಕಿ ಅಪ್ಪಳ. ಒಂದೂ ಉಳ ಇಲ್ಲ.'

ನೋಡಿದ್ದೇ ನನ್ನೊಳಗಿನ ಕನ್ನಡ ಮಿಸ್ ಎದ್ದು ನಿಂತರು. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, 'ಹ' ಎಂದಾಗ ಗಾಳಿ ತಾಗದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮಿಸ್ ಅವರು. ಪಾಪ, ಚಿಕ್ಕತಾಯಮ್ಮ ನುಂಗಿದ ಹಕಾರಗಳನ್ನೆಲ್ಲ ನಾನು ಒಂದೊಂದಾಗಿ, ಮಮತೆಯಿಂದ, ವಾಪಸ್ ಇಟ್ಟೆ. ಒತ್ತಿದೆ. ಹೋಯಿತು. ಬೀದಿಯ ಗ್ರೂಪಿಗೂ ಕಳಿಸಿದೆ. ಕೆಲಸ ಅಚ್ಚುಕಟ್ಟಾಗಿರಬೇಕು!

ಅರ್ಧ ಗಂಟೆಯಲ್ಲಿ ಗ್ರೂಪು ಉರಿಯುತ್ತಿತ್ತು. 'ಕಾಗೆ ಶನಿಮಹಾತ್ಮನ ವಾಹನ. ಶನಿವಾರವೂ ಹೊಡೆಯುತ್ತಾರಾ?' 'ನಮ್ಮ ಬೀದಿಯಲ್ಲಿ ಕಾಗೆ ಯಾಕೆ ಕಮ್ಮಿಯಾದವು ಅಂತ ಇವತ್ತು ಗೊತ್ತಾಯ್ತು.' 'ಪಿತೃಪಕ್ಷಕ್ಕೆ ಏನು ಮಾಡೋಣ ಸ್ವಾಮಿ?' ಒಬ್ಬರು ಮಾತ್ರ, 'ರೆಸಿಪಿ ಕಳಿಸಿ.'

ಮತ್ತೆ ಓದಿಕೊಂಡೆ. 'ಟೆರೇಸ್ ಮೇಲೆ ದಿನಾ ಕಾಗೆ ಹೊಡೆದು ಮಾಡಿದ ಶುದ್ಧ ಹಕ್ಕಿ ಹಪ್ಪಳ. ಒಂದೂ ಹುಳ ಇಲ್ಲ.'

ನಾಲ್ಕು ಹಕಾರದಲ್ಲಿ ಮೂರು ಸರಿಯಾಗಿದ್ದವು. ಎಪ್ಪತ್ತೈದು ಪರ್ಸೆಂಟು. ನಮ್ಮ ಕಾನ್ವೆಂಟಿನಲ್ಲಿ ಅದು ಫಸ್ಟ್ ಕ್ಲಾಸು.

ಅಷ್ಟರಲ್ಲಿ ಚಿಕ್ಕತಾಯಮ್ಮನ ಫೋನ್ ಬಡಿದುಕೊಂಡಿತು. ಶಿವಣ್ಣನ ದನಿ ನನಗೂ ಕೇಳುವಷ್ಟಿತ್ತು. "ಏನಕ್ಕಾ ಇದು? ಮದ್ವೆ ಊಟ ಕಣಕ್ಕಾ! ಕಾಗೆ ಒಡೀತೀರಾ?"

"ಒಡೀದೆ ಇನ್ನೇನಪ್ಪ? ಇಲ್ದಿದ್ರೆ ಎಲ್ಲಾನೂ ಕಚ್ಕೊಂಡೋಯ್ತವೆ," ಎಂದರು ಚಿಕ್ಕತಾಯಮ್ಮ, ಮುಗ್ಧವಾಗಿ. ಅವರ ಪ್ರಕಾರ ಕಾಗೆ ಹೊಡೆಯುವುದೆಂದರೆ ಉಶ್ ಎಂದು ಓಡಿಸುವುದು. ಶಿವಣ್ಣ ಫೋನ್ ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

"ನಡೀರಿ, ನರಸೀಪುರಕ್ಕೆ," ಎಂದೆ.

ಚಿಕ್ಕತಾಯಮ್ಮ ಒಂದು ಡಬ್ಬ ಎತ್ತಿಕೊಂಡರು. ಆಧಾರ್ ಕಾರ್ಡು ತೋರಿಸಿ, ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ಟು ಹರಿಸಿಕೊಂಡು ಬಸ್ಸಿನಲ್ಲಿ ಕೂತೆವು. ಬಸ್ಸಿಳಿಯುವವರೆಗೂ ಅವರು ಸೆರಗಿನ ತುದಿಯಿಂದ ಡಬ್ಬದ ಮುಚ್ಚಳ ಒರೆಸುತ್ತಿದ್ದರು. ಅದು ಹೊಳೆಯುತ್ತಲೇ ಇತ್ತು. ಆದರೂ ಒರೆಸುತ್ತಿದ್ದರು. ಅವರು ಬೈದಿದ್ದರೆ ನನಗೆ ಎಷ್ಟೋ ಸುಖವಾಗಿರುತ್ತಿತ್ತು. ಎಲ್ಲಿಗೆ ಹೋಗಿ ಬಂದರೂ 'ಹೇಗಿತ್ತು?' ಎನ್ನುವ ನನ್ನ ಮೊಬೈಲು ಆ ದಾರಿಯಲ್ಲಿ ಒಂದು ಮಾತೂ ಕೇಳಲಿಲ್ಲ.

ಶಿವಣ್ಣ ಒಂದು ಕಲ್ಯಾಣ ಮಂಟಪದ ಹಿಂದಿನ ಅಡುಗೆಮನೆಯಲ್ಲಿ ಸಿಕ್ಕ. ನಮ್ಮನ್ನು ನೋಡಿ ಸೌಟು ಹಿಡಿದೇ ಹೊರಗೆ ಬಂದ. ನಾನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಭಾಷಣ ಶುರುಮಾಡಿದೆ. "ನೋಡಿ ಶಿವಣ್ಣ, ಓಂ ಟು ಎಂದರೆ ಹೋಮ್ ಟು, ಹೋಮ್ ಟು ಎಂದರೆ ನಾನು. ಒಂದು ಎಂದರೆ ಐದು. ಹಕ್ಕಿ ಎಂದರೆ ಅಕ್ಕಿ. ಹೊಡೆಯುವುದು ಎಂದರೆ..."

"ಇವ್ರಿಗೆ ಉಸಾರಿಲ್ವಾ ಅಕ್ಕಾ?" ಎಂದ ಶಿವಣ್ಣ, ಚಿಕ್ಕತಾಯಮ್ಮನ ಕಡೆ ತಿರುಗಿ.

ಚಿಕ್ಕತಾಯಮ್ಮ ಡಬ್ಬ ತೆರೆದು ಒಂದು ಹಪ್ಪಳ ತೆಗೆದರು. ಸೀದಾ ಒಳಗೆ ಹೋಗಿ, ಕಾದ ಬಾಣಲೆಯ ಎಣ್ಣೆಗೆ ಬಿಟ್ಟರು. ಅದು ಒಂದು ಸಲ ಮುಳುಗಿತು. ಆಮೇಲೆ ಅರಳಿತು ನೋಡಿ! ಅಂಗೈಯಗಲ ಇದ್ದದ್ದು ಊಟದ ತಟ್ಟೆಯಗಲ ಆಗಿ, ಬೆಳ್ಳಗೆ, ಮಾವಿನಕಾಯಿ ಅಂಚಿನ ಸಮೇತ ತೇಲಿತು. ಶಿವಣ್ಣ ಮುರಿದು ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿದ. ಇನ್ನೊಂದು ತುಂಡು ಮುರಿದ.

"ಇದ್ನ ಬುಟ್ಟು ನಾನು ಫೋನ್ ನೋಡ್ಕೊಂಡ್ ಕೂತಿದ್ನಲ್ಲಕ್ಕಾ," ಎಂದ. "ನಾಳೆ ಗಾಡಿ ಕಳುಸ್ತೀನಿ. ಎಲ್ಲಾ ಡಬ್ಬಾನೂ ಆಕ್ಬುಡಿ."

ಚಿಕ್ಕತಾಯಮ್ಮ ಡಬ್ಬದ ಮುಚ್ಚಳ ಮುಚ್ಚಿದರು. ಒರೆಸಲಿಲ್ಲ. ನನಗೆ ಅಷ್ಟು ಸಾಕಾಯಿತು.

"ಆದ್ರೆ ಒಂದ್ ಕಂಡೀಸನ್ನು," ಎಂದು ಶಿವಣ್ಣ ನನ್ನತ್ತ ಸೌಟು ತೋರಿಸಿದ. "ಈ ಓಂ ಟು ಅವ್ರು ನಿಮ್ ಬಗ್ಗೆ ಇನ್ನೇನೂ ಬರೀಬಾರ್ದು. ಒಳ್ಳೇದೂ ಬರೀಬಾರ್ದು." ನಾವು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದ: "ಅಕ್ಕಾ, ಬೀಗರ ಬಾಡೂಟಕ್ಕೆ ಬೇಕಾದ್ರೆ ಆ ಅಕ್ಕಿ ಅಪ್ಪಳಾನೂ ನೋಡಾನ!" ಅವನು ಅಂದದ್ದು ಯಾವ ಅಕ್ಕಿ ಎಂದು ನಾನು ಕೇಳಲಿಲ್ಲ. ಇನ್ನು ನಾನು ಯಾರ ಹಕಾರಕ್ಕೂ ಕೈ ಹಾಕುವವಳಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲೇ ಬರೆದದ್ದನ್ನು ಅಳಿಸಿದೆ. ಟೈಲರಿಗೆ ಐದು, ಡಾಕ್ಟರಿಗೆ ಐದು, ಗಿರಣಿಗೆ ಐದು, ಶೌಚಾಲಯಕ್ಕೆ ಒಂದು ಮಾಡಿದೆ. ಒಂದು ವರ್ಷದ ನ್ಯಾಯದಾನವನ್ನು ತಲೆಕೆಳಗು ಮಾಡಲು ಒಂದು ಬಸ್ ಪ್ರಯಾಣ ಸಾಕಾಯಿತು. ಗ್ರೂಪಿನಲ್ಲಿ 'ಓಂ ಟು ನಾನೇ, ಕ್ಷಮಿಸಿ' ಎಂದು ಬರೆದೆ. ಯಾರೂ ನಂಬಲಿಲ್ಲ. ಯಾರನ್ನು ಕಾಪಾಡುತ್ತಿದ್ದೀರಿ ಮೇಡಂ ಎಂದು ಕೇಳಿದರು.

ಮನೆ ಸೇರುವಾಗ ಬೀದಿ ದೀಪ ಹತ್ತಿತ್ತು. ಯಜಮಾನರು ತಾವೇ ಕಾಫಿ ಮಾಡಿಕೊಂಡಿದ್ದರು. ಒಲೆಯ ತುಂಬ ಹಾಲು ಉಕ್ಕಿತ್ತು. ಏನಾದರೂ ಅನ್ನುವ ನನ್ನ ಅಧಿಕಾರ ಆ ದಿನದ ಮಟ್ಟಿಗೆ ರದ್ದಾಗಿತ್ತು. ಒಲೆ ಒರೆಸುತ್ತಿದ್ದೆ. ಚಿಕ್ಕತಾಯಮ್ಮ ಹಿತ್ತಲ ಬಾಗಿಲಿಗೆ ಬಂದು, ಒಂದು ತಟ್ಟೆ ಹಪ್ಪಳ ಕಟ್ಟೆಯ ಮೇಲಿಟ್ಟರು. ಮುಖ ಅರಳಿತ್ತು.

"ತಿನ್ನಿ. ಇವತ್ ಬಾಳ ಓಡಾಡ್ಬುಟ್ರಿ ನೀವು," ಎಂದರು. ಹೊರಟವರು ಮೆಟ್ಟಿಲ ಮೇಲೆ ಏನೋ ನೆನಪಾದಂತೆ ನಿಂತರು.

"ಮನೇಲಿ ಗ್ಯಾಸು ಮುಗ್ದೋಗದೆ ಪ್ರೇಮಮ್ಮ. ನಿಮ್ ಫೋನಲ್ಲಿ ವಸಿ ಬುಕ್ ಮಾಡ್ಕೊಡಿ ಅನ್ನಾನ ಅಂತ ಬಂದೆ." ನನ್ನ ಕೈ ಆಗಲೇ ಫೋನಿನ ಕಡೆ ಹೋಗಿತ್ತು. ಅವರು ಅದನ್ನು ನೋಡಿದರು. ಒಂದು ಗಳಿಗೆ ಯೋಚಿಸಿದರು.

"ಬ್ಯಾಡ ಬುಡಿ. ಸೌದೆ ಅವೆ."