ಲೆಕ್ಕಕ್ಕಿಲ್ಲದ ಒಂದು ಏಟು

ಗಂಟೆಣ್ಣನ ಮನೆಯ ಊಟದ ತಟ್ಟೆ ನೆಗ್ಗಿಹೋದದ್ದು ಊಟದಿಂದಲ್ಲ, ಇಂಗ್ಲಿಷಿನಿಂದ.

ಅವನು ಹೈಸ್ಕೂಲಿನಲ್ಲಿ ಗಂಟೆ ಹೊಡೆಯುವವನು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಎಲ್ಲೋ ಇತ್ತು. ಜನಕ್ಕೆಲ್ಲ ಅವನು ಗಂಟೆಣ್ಣ. ಅಂಗಳದ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡಿಗೆ ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಪಾಠ ಶುರು, ಇನ್ನೊಂದು ಹಾಕಿದರೆ ಪಾಠ ಬಂದ್. ಹೆಡ್‌ಮಾಸ್ಟರ ಮಾತು ಮೀರುವ ಮಕ್ಕಳಿದ್ದರು, ಗಂಟೆಣ್ಣನ ಏಟು ಮೀರುವವರಿರಲಿಲ್ಲ. ಅವನೂ ಅಷ್ಟೆ, ತನ್ನ ಜನ್ಮದಲ್ಲಿ ಒಂದು ಏಟನ್ನು ಹೆಚ್ಚಿಗೆ ಹೊಡೆದವನಲ್ಲ, ಒಂದನ್ನು ಕಡಿಮೆ ಮಾಡಿದವನೂ ಅಲ್ಲ. ಆದರೆ ನಿಂತು ನಿಂತು ಮಂಡಿ ಸವೆದಿತ್ತು. ಮೆಟ್ಟಿಲು ಹತ್ತುವಾಗ ಹಳೇ ಬಾಗಿಲಿನಂತೆ ಕಿರ್ರೆನ್ನುತ್ತಿತ್ತು.

ಅಷ್ಟರಲ್ಲಿ ಶಾಲೆಯ ಗುಮಾಸ್ತರು ನಿವೃತ್ತರಾಗಿ ಅವರ ಮೆತ್ತೆ ಹಾಕಿದ ಕುರ್ಚಿ ಖಾಲಿಯಾಯಿತು. ಹೊರಗಿನವರು ಯಾಕೆ, ನಮ್ಮವರಿಗೇ ಸಿಗಲಿ ಎಂದರು ಹೆಡ್‌ಮಾಸ್ಟರು. ಕೂರುವವನು ಹೈಸ್ಕೂಲು ಪಾಸಾಗಿರಬೇಕು, ಅಷ್ಟೇ. ಗಂಟೆಣ್ಣ ಹುಡುಗನಾಗಿದ್ದಾಗ ಎಲ್ಲ ವಿಷಯಗಳಲ್ಲೂ ಹೇಗೋ ದಡ ಸೇರಿ ಇಂಗ್ಲಿಷಿನಲ್ಲಿ ಮುಳುಗಿದವನು. ಈ ಸಲ ಕಟ್ಟಿ ಪಾಸಾದರೆ ಕುರ್ಚಿ, ಇಲ್ಲವಾದರೆ ಪಿಂಚಣಿ ಬರುವವರೆಗೂ ಮರದಡಿಯೇ ಗತಿ.

ಇಂಗ್ಲಿಷ್ ಮೇಷ್ಟ್ರು ಕನಿಕರಪಟ್ಟು ‘ಸಮಯದ ಬೆಲೆ’ ಎಂಬ ಪ್ರಬಂಧವನ್ನು ಐದೇ ಪ್ಯಾರಾಗಳಲ್ಲಿ ಬರೆದುಕೊಟ್ಟರು. "ಇದು ಬಂದೇ ಬರುತ್ತೆ. ಇದೊಂದು ನೆಟ್ಟಗೆ ಬರೆದು, ಮಿಕ್ಕಿದ್ದಕ್ಕೆ ತೋಚಿದ್ದು ಗೀಚು. ಪಾಸಾಗ್ತೀಯ."

ಓದಿದ್ದು ತಲೆಗೆ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಊಟ ತಡವಾಯಿತೆಂದು ಸಿಟ್ಟಿನಲ್ಲಿ ಚಮಚದಿಂದ ತಟ್ಟೆಗೆ ಬಡಿದ, ಠಣ್ ಎಂದಿತು, ಆಗ ನೋಡಿ, ಮೊದಲ ಪ್ಯಾರಾ ಬುಡಸಮೇತ ಬಾಯಿಗೆ ಬಂತು. ಇಷ್ಟು ವರ್ಷ ಏಟು ಬಿದ್ದ ಮೇಲೆಯೇ ಎಲ್ಲ ಶುರುವಾಗುವುದನ್ನು ಕಂಡ ಬುದ್ಧಿ, ಏಟಿಲ್ಲದೆ ಏಳುವುದಿಲ್ಲವೆಂದು ಹಟ ಹಿಡಿದಿತ್ತು. ಅಂದಿನಿಂದ ಒಂದು ಏಟು, ಒಂದು ಪ್ಯಾರಾ. ಪರೀಕ್ಷೆಯ ದಿನವೂ ಅರ್ಧ ಗಂಟೆಗೊಂದು ಏಟು ಬೀಳುತ್ತದೆ. ಪ್ಯಾರಾಗಳೂ ಗಂಟೆಗಳೂ ಸರಿಯಾಗಿ ಹೊಂದಿಕೊಂಡವು. ದೇವರು ಕಣ್ಣು ಬಿಟ್ಟ ಎಂದುಕೊಂಡ ಗಂಟೆಣ್ಣ.

ದೇವರಿಗಿಂತ ಮೊದಲು ಕಣ್ಣು ಬಿಟ್ಟವಳು ಮೂಲೆಮನೆಯ ನರ್ಸಮ್ಮ. ಪರೀಕ್ಷೆಯ ದಿನ ಬೆಳಿಗ್ಗೆ ಗಂಟೆಣ್ಣ ಇನ್ನೂ ಎರಡನೆಯ ಪ್ಯಾರಾ ಬಡಿಯುತ್ತಿದ್ದ. "ಲಾಸ್ಟ್ ಟೈಮ್ ನೆವರ್ ಕಮ್ಸ್ ಬ್ಯಾಕ್..." ಎನ್ನುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

"ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದಿದೀನಿ! ಒಂದು ತಿಂಗಳಿಂದ ಇದೇ ಗೋಳು! ಇನ್ನೊಂದು ಸಲ ಬಡಿದ್ರೆ ನಿಮಗೇ ನಿದ್ದೆ ಇಂಜೆಕ್ಷನ್ ಚುಚ್ತೀನಿ."

"ಇವತ್ತೊಂದಿನ ತಡ್ಕೊಳ್ಳಮ್ಮಾ, ಮಧ್ಯಾಹ್ನ ಪರೀಕ್ಷೆ."

"ಪರೀಕ್ಷೆ ನಿಮಗೋ ನನಗೋ?" ಎಂದು ತಟ್ಟೆ, ಚಮಚ ಎರಡನ್ನೂ ಕಸಿದುಕೊಂಡು ಹೋದಳು.

ಗಲಾಟೆ ಕೇಳಿ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ತಾತ ಬಂದರು. ಕರೆಯದಿದ್ದರೂ ಬರುವುದು, ಹೋಗೆಂದರೂ ಕೂರುವುದು ಅವರ ಗುಣ. "ಸಮಯದ ಬೆಲೆ ಬರಲ್ಲಯ್ಯ. ‘ರೈಲು ಪ್ರಯಾಣ’ ಬರುತ್ತೆ. ನಮ್ಮ ಕಾಲದಲ್ಲಿ ಅದೇ ಬಂದಿತ್ತು" ಎಂದು ತಾವು ಮಾಡಿದ ಅಷ್ಟೂ ರೈಲು ಪ್ರಯಾಣಗಳನ್ನು ಹೇಳತೊಡಗಿದರು. ಪ್ರತಿ ನಿಲ್ದಾಣದಲ್ಲೂ ಇಳಿದು ಹತ್ತಿದರು. ಗಂಟೆಣ್ಣನ ಬೆಳಗಿನ ಹೊತ್ತು ಪೂರ್ತಿ ಆ ರೈಲಿನಡಿ ಸಿಕ್ಕಿ ನುಚ್ಚುನೂರಾಯಿತು.

ಹೆಂಡತಿ ಒಳಗಿನಿಂದ ಕೂಗಿದಳು, "ರೀ, ತಟ್ಟೆ ಎಲ್ಲಿ? ಊಟಕ್ಕೆ ಯಾವುದರಲ್ಲಿ ಬಡಿಸ್ಲಿ?"

"ನರ್ಸಮ್ಮನ ಹತ್ರ."

"ಚೆನ್ನಾಗಿದೆ! ಪಾಸಾಗೋಕೆ ಮುಂಚೆ ಪಾತ್ರೆ ಪಡಗ ಎಲ್ಲಾ ಹಂಚಿಬಿಡಿ."

ಆಗ ಬಂದವನು ಲ್ಯಾಬಿನ ತಮ್ಮ. ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆ ತೊಳೆಯುವ ಸಹೋದ್ಯೋಗಿ. ಒಂದೇ ಗೋಡೆಯ ಆಚೆಗಿನ ಮನೆಯವನು. ಬೀದಿಯೆಲ್ಲ ಬೈದರೂ ತಿಂಗಳಿಡೀ ಒಂದು ಮಾತೆತ್ತದವನು ಅವನೊಬ್ಬನೇ. ಕೈಯಲ್ಲಿ ತನ್ನ ಮನೆಯ ಹೊಳೆಯುವ ಸ್ಟೀಲ್ ತಟ್ಟೆ ಹಿಡಿದಿದ್ದ.

"ತಗೊಳ್ಳಿ ಅಣ್ಣಾ. ಈಗ ನಿಲ್ಸಿದ್ರೆ ಹೇಗೆ? ಕೊನೇ ಪ್ಯಾರಾ ಇನ್ನೂ ಗಟ್ಟಿಯಾಗಿಲ್ಲ."

ಗಂಟೆಣ್ಣನ ಕಣ್ಣು ತೇವವಾಯಿತು. "ಒಡಹುಟ್ಟಿದವರೂ ಹೀಗೆ ಮಾಡಲ್ಲ ತಮ್ಮಾ" ಎಂದ. ಬಟ್ಟೆ ಸುತ್ತಿದ ಚಮಚದಿಂದ ಮೆಲ್ಲಗೆ ಬಡಿಯಲು ಹೋದರೆ, "ಸ್ವಲ್ಪ ಜೋರಾಗೇ ಹೊಡೀರಿ, ಪರವಾಗಿಲ್ಲ" ಎಂದು ಹೇಳಿ ತಮ್ಮ ತನ್ನ ಮನೆಗೆ ಹೋದ. ಇಂಥವರೂ ಇದ್ದಾರಲ್ಲ ಜಗತ್ತಿನಲ್ಲಿ ಎಂದು ಗಂಟೆಣ್ಣ ಗೋಡೆಗೇ ಕೈ ಮುಗಿದ.

ಮಧ್ಯಾಹ್ನ ಶಾಲೆಗೆ ಹೋಗಿ ಸುತ್ತಿಗೆಯನ್ನು ತೋಟದ ತಾತನ ಕೈಗೆ ಕೊಟ್ಟ. ಗಿಡಕ್ಕೆ ನೀರು ಹಾಕುವ ಮುದುಕ ಅಂದಿನ ಮಟ್ಟಿಗೆ ಗಂಟೆಯ ಯಜಮಾನ. "ಅರ್ಧ ಗಂಟೆಗೊಂದು ಏಟು ತಾತ. ಮರೀಬೇಡ. ನನ್ನ ಜುಟ್ಟು ನಿನ್ನ ಕೈಲಿದೆ."

"ಹೋಗಪ್ಪಾ, ಗಂಟೆ ಹೊಡೆಯೋದೇನು ಬ್ರಹ್ಮವಿದ್ಯೆಯಾ?" ಎಂದ ತಾತ.

ಕೋಣೆಯೊಳಗೆ ಮಕ್ಕಳೆಲ್ಲ ಕಿಸಿಕಿಸಿ ನಕ್ಕರು. ಗಂಟೆಣ್ಣ ಪುಟ್ಟ ಬೆಂಚಿನಲ್ಲಿ ಮಂಡಿ ತುರುಕಿ ಕೂತು ಪಕ್ಕಕ್ಕೆ ತಿರುಗಿದರೆ, ಕಿಟಕಿಯ ಬದಿಯ ಬೆಂಚಿನಲ್ಲಿ ಲ್ಯಾಬಿನ ತಮ್ಮ!

"ನೀನೂ ಬರೀತೀಯೇನೋ?"

"ಸುಮ್ನೆ ಕಟ್ಟಿದೆ ಅಣ್ಣಾ. ಆ ಕುರ್ಚಿಗೆ ನಾನೂ ಅರ್ಜಿ ಹಾಕಿದ್ದೆ, ನಿಮಗೆ ಹೇಳೋಕೆ ನಾಚಿಕೆ ಆಯ್ತು. ನಂಗೆಲ್ಲಿ ಬರುತ್ತೆ ಇಂಗ್ಲಿಷು?" ಎಂದು ತಲೆ ತಗ್ಗಿಸಿದ. ಪಾಪ, ಪುಸ್ತಕ ಹಿಡಿದದ್ದನ್ನು ಯಾರೂ ಕಂಡಿಲ್ಲ, ಆಸೆಗೇನು ಎಂದು ಗಂಟೆಣ್ಣ ಮರುಗಿದ.

ಅಂಗಳದಲ್ಲಿ ಠಣ್ ಎಂದಿತು. ಪ್ರಶ್ನೆಪತ್ರಿಕೆಯಲ್ಲಿ ಸಮಯದ ಬೆಲೆ ರಾಜನಂತೆ ಕೂತಿತ್ತು. ಗಂಟೆಣ್ಣನ ಪೆನ್ನು ಓಡಿತು. ಮೊದಲ ಪ್ಯಾರಾ ಮುಗಿಸಿ, ತೋಚಿದ್ದನ್ನೆಲ್ಲ ಗೀಚಿ, ಮುಂದಿನ ಏಟಿಗೆ ಕಿವಿ ನೆಟ್ಟು ಕೂತ. ಗೋಡೆಯ ಗಡಿಯಾರದಲ್ಲಿ ಅರ್ಧ ಗಂಟೆ ಆಯಿತು. ಏಟು ಬೀಳಲಿಲ್ಲ.

ಬೆವರು ಬಿತ್ತು. ಬೆರಳಿನಿಂದ ಬೆಂಚು ಕುಟ್ಟಿದ; ಮರದ ಸದ್ದಿಗೆ ಇಂಗ್ಲಿಷ್ ಬರಲಿಲ್ಲ, ಮೇಡಂ ಬಂದರು. ಅವರು ಬೇರೆ ಊರಿನಿಂದ ಕಾವಲಿಗೆ ಬಂದವರು. "ಸದ್ದು ಮಾಡಬೇಡಿ" ಎಂದರು. ಅದರ ಮುಂದಿನ ಏಟಿನ ಹೊತ್ತೂ ಬಂತು. ಮುಳ್ಳು ಅಲ್ಲಿಗೆ ಮುಟ್ಟಿದ್ದನ್ನು ಕಂಡದ್ದೇ ಗಂಟೆಣ್ಣನ ಕೈ ತುರಿಸಿತು, ಕಾಲು ಎದ್ದಿತು. ಗಂಟೆ ತಪ್ಪಿತು ಎಂಬುದೊಂದೇ ತಲೆಯಲ್ಲಿ. ಉತ್ತರಪತ್ರಿಕೆಯನ್ನು ಬೆಂಚಿನ ಮೇಲೇ ಬಿಟ್ಟು, ಮೇಡಂ "ರೀ, ರೀ" ಎನ್ನುತ್ತಿದ್ದರೂ ಹೊರಗೆ ಓಡಿದ.

ತೋಟದ ತಾತ ಸುತ್ತಿಗೆಯನ್ನೇ ದಿಂಬು ಮಾಡಿಕೊಂಡು ಮರದಡಿ ಗೊರಕೆ ಹೊಡೆಯುತ್ತಿದ್ದ. ಗಂಟೆಣ್ಣ ಸುತ್ತಿಗೆ ಎಳೆದುಕೊಂಡು ಒಂದು ಏಟು ಹಾಕಿದ. ಠಣ್ಣೆಂದದ್ದೇ ತಡ, ಎರಡನೆಯ ಪ್ಯಾರಾ ಒಂದಕ್ಷರ ಬಿಡದೆ ಎದುರು ಬಂದು ನಿಂತಿತು. ಹಿರಿಹಿರಿ ಹಿಗ್ಗಿ ಕೋಣೆಗೆ ಓಡಿದ.

ಮೇಡಂ ಬಾಗಿಲಿಗೆ ಅಡ್ಡ ನಿಂತಿದ್ದರು. "ಒಳಗೆ ಬಿಡಲ್ಲ."

"ಮೇಡಂ, ಎಲ್ಲಾ ನೆನಪಾಯ್ತು!"

"ಬಾಗಿಲ ಮೇಲೆ ಏನಿದೆ, ಓದಿ."

ಓದಬೇಕಾಗಿರಲಿಲ್ಲ. ‘ಒಮ್ಮೆ ಹೊರಗೆ ಹೋದವರಿಗೆ ಪ್ರವೇಶವಿಲ್ಲ’ ಎಂಬ ಆ ಹಲಗೆಯನ್ನು ವರ್ಷ ವರ್ಷವೂ ಮೊಳೆ ಹೊಡೆದು ನೇತುಹಾಕುವವನು ಅವನೇ. ಹೋದ ವರ್ಷ ವಾಂತಿ ಮಾಡಲು ಓಡಿಹೋಗಿ ಬಂದ ಹುಡುಗಿಯೊಬ್ಬಳು ಇದೇ ಹೊಸ್ತಿಲಲ್ಲಿ ಅತ್ತಿದ್ದಳು. "ರೂಲ್ಸ್ ಅಂದ್ರೆ ರೂಲ್ಸಮ್ಮಾ" ಎಂದು ಅವಳನ್ನು ಕಳಿಸಿದವನೂ ಅವನೇ. ಅವಳ ಮುಖ ಈಗ ನೆನಪಾಯಿತು. ಗಂಟೆಣ್ಣ ಅಂಗಳದತ್ತ ತಿರುಗಿದ.

ಹೆಡ್‌ಮಾಸ್ಟರು ಎದುರಾದರು. "ಹೊರಗೆ ಬಂದಾಯ್ತಲ್ಲ, ಇನ್ನೇನು? ಆ ಮುದುಕನ್ನ ನಂಬಿದ್ರೆ ಪರೀಕ್ಷೆ ನಾಳೆ ಮುಗಿಯುತ್ತೆ. ನೀನೇ ಹೊಡಿ."

ಹೀಗೆ, ತನ್ನ ಪರೀಕ್ಷೆಗೆ ತಾನೇ ಗಂಟೆ ಹೊಡೆಯುತ್ತ ಗಂಟೆಣ್ಣ ಮರದಡಿ ನಿಂತ. ಮುಂದಿನ ಏಟು ಬಿತ್ತು. ಮೂರನೆಯ ಪ್ಯಾರಾ ಬಂತು, ಏನು ಪ್ರಯೋಜನ? ಅದನ್ನು ಮರಕ್ಕೇ ಒಪ್ಪಿಸುತ್ತ ಕಿಟಕಿಯತ್ತ ಕಣ್ಣು ಹಾಯಿಸಿದ. ಲ್ಯಾಬಿನ ತಮ್ಮನ ಪೆನ್ನು ಹುಚ್ಚು ಹಿಡಿದಂತೆ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತಿತು. ತಮ್ಮ ಪೆನ್ನು ಕಚ್ಚಿಕೊಂಡು ಸೂರು ನೋಡುತ್ತ ಕೂತ. ಅರ್ಧ ಗಂಟೆಗೆ ಮತ್ತೊಂದು ಏಟು ಹಾಕಿದರೆ, ಮತ್ತೆ ಓಡಿತು.

ಗಂಟೆಣ್ಣನಿಗೆ ಬೆಳಗಿನ ಮಾತು ನೆನಪಾಯಿತು. ‘ಕೊನೇ ಪ್ಯಾರಾ ಇನ್ನೂ ಗಟ್ಟಿಯಾಗಿಲ್ಲ’ ಎಂದಿದ್ದನಲ್ಲ, ಅದು ಯಾರ ಮಾತು? ತಿಂಗಳಿಡೀ ಗೋಡೆಗೆ ಕಿವಿಕೊಟ್ಟು ಈ ಮಹಾಶಯ ತಟ್ಟೆಯ ಸದ್ದಿನ ಸಮೇತ ಅಷ್ಟನ್ನೂ ಬಾಯಿಪಾಠ ಮಾಡಿದ್ದಾನೆ! ಬಡಿದವನು ತಾನು, ಬೈಸಿಕೊಂಡವನು ತಾನು, ಬೆಳೆ ಅವನಿಗೆ.

ಇರಲಿ ಮಗನೇ ಎಂದು ಹಲ್ಲು ಕಡಿದ. ತೋಟದ ತಾತ ನಿದ್ದೆಯಲ್ಲಿ ನುಂಗಿದ ಒಂದು ಏಟಿನಿಂದ ಲೆಕ್ಕ ತಪ್ಪಿತ್ತು. ಇನ್ನು ಉಳಿದದ್ದು ಮುಕ್ತಾಯದ ದೀರ್ಘ ಗಂಟೆ ಮಾತ್ರ. ಅದು ಬಿದ್ದರೆ ಪೆನ್ನು ಕೆಳಗಿಡಬೇಕು. ಕೊನೆಯ ಪ್ಯಾರಾಕ್ಕೆ ಏಟಿಲ್ಲ. ಪ್ರಬಂಧ ಮೊಟಕಾಯಿತೆಂದರೆ ತಮ್ಮನಿಗೂ ಕುರ್ಚಿ ಇಲ್ಲ. ಗಂಟೆಣ್ಣ ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದು ನಿಂತ.

ಕಿಟಕಿಯಲ್ಲಿ ತಮ್ಮನ ಮುಖ ಕಾಣಿಸಿತು. ಬೇಡುತ್ತಿರಲಿಲ್ಲ, ಕದ್ದವನ ಮುಖವೂ ಅಲ್ಲ. ಬೆವರಿಳಿದ, ಎಲ್ಲಾ ಗೊತ್ತಿದ್ದೂ ಏನೂ ನೆನಪಾಗದ ಮುಖ. ಆ ಬೆಂಚಿನಲ್ಲಿ ತಾನು ಪಟ್ಟ ಪಾಡು ಗಂಟೆಣ್ಣನಿಗೆ ಗೊತ್ತಿತ್ತು. ಸಾಲದ್ದಕ್ಕೆ, ಆ ಕೊನೆಯ ಪ್ಯಾರಾ ಅವನಿಗೂ ನೆನಪಾಗುತ್ತಿರಲಿಲ್ಲ. ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿತ್ತು. ಬೇಡ ಬೇಡ ಎನ್ನುತ್ತಲೇ ಕೈ ಮುಂದೆ ಬಂತು.

ಠಣ್.

ಹೆಡ್‌ಮಾಸ್ಟರು ಓಡಿಬಂದರು. "ಏನಯ್ಯಾ ಅದು, ಲೆಕ್ಕಕ್ಕಿಲ್ಲದ್ದು?"

"ಕೈ ಜಾರಿತು ಸಾರ್" ಎಂದ ಗಂಟೆಣ್ಣ. ಕಿಟಕಿಯೊಳಗೆ ಪೆನ್ನು ಓಡುತ್ತಿತ್ತು.

ಫಲಿತಾಂಶ ಬಂತು. ಲ್ಯಾಬಿನ ತಮ್ಮ ಪಾಸಾಗಿ ಮೆತ್ತೆಯ ಮೇಲೆ ಕೂತ. "ಒಬ್ಬ ಗುಮಾಸ್ತ ಹೋದ್ರೆ ಇನ್ನೊಬ್ಬ ಸಿಗ್ತಾನೆ, ನಿನ್ನಂಥ ಗಂಟೆಯವನು ಸಿಗಲ್ಲಪ್ಪ" ಎಂದು ಹೆಡ್‌ಮಾಸ್ಟರು ಗಂಟೆಣ್ಣನ ಬೆನ್ನು ತಟ್ಟಿದರು. ಅವನಿಗೆ ಬೇಕಾಗಿದ್ದದ್ದು ಬೆನ್ನಿನ ಸಮಾಧಾನವಲ್ಲ, ಮಂಡಿಯದು. ಆ ಒಂದು ಏಟು ಯಾಕೆ ಹೊಡೆದೆನೋ ಎಂದು ಪ್ರತಿ ಏಟಿಗೂ ಅಂದುಕೊಂಡ. ಅಂದುಕೊಂಡಾಗಲೆಲ್ಲ ಸಮಯದ ಬೆಲೆ ತಪ್ಪಿಲ್ಲದೆ ಬಾಯಿಗೆ ಬರುತ್ತಿತ್ತು.

ಒಂದು ಸಂಜೆ ಹೊಸ ಗುಮಾಸ್ತರು ಮನೆಗೆ ಬಂದರು. ಒಂದು ಕೈಯಲ್ಲಿ ಅದೇ ಸ್ಟೀಲ್ ತಟ್ಟೆ, ಇನ್ನೊಂದರಲ್ಲಿ ದಪ್ಪ ಪುಸ್ತಕ.

"ಅಣ್ಣಾ, ನಿಮ್ಮ ಋಣ ಮರೆಯಲ್ಲ. ಕೆಲಸ ಕಾಯಂ ಆಗಬೇಕಾದ್ರೆ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಪಾಸ್ ಮಾಡ್ಬೇಕಂತೆ. ನೀವು ಹೇಗೂ ಮತ್ತೆ ಕಟ್ಟೋರು, ಇದನ್ನೇ ಓದಿ. ಆದ್ರೆ ಸ್ವಲ್ಪ ಜೋರಾಗಿ ಬಡೀರಿ, ನಮ್ಮ ಕಡೆ ಗೋಡೆಗೆ ಹೊಸದಾಗಿ ಗಾರೆ ಮಾಡಿಸಿದೀನಿ."

ಒಳಗಿನಿಂದ ಹೆಂಡತಿ, "ರೀ, ಮುಟ್ಟಿದ್ರೆ ನೋಡಿ!" ಎಂದಳು.

ಗಂಟೆಣ್ಣ ಮಂಡಿ ನೀವಿಕೊಂಡು, ಕೈ ಚಾಚಿ, ತಟ್ಟೆ ತೆಗೆದುಕೊಂಡ. ಆ ಕೈಗೆ ಬಡಿಯುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ.