ರುದ್ರವ್ವನ ಅಡುಗೆಮನೆಗೆ ಕಲ್ಲಿನ ದೋಣಿ ಬಂದದ್ದು

ಆ ಸೋಮವಾರ ಮುಂಜಾನೆ ರುದ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಮುಂದೆ ಕೂತಲ್ಲೇ ಪ್ರತಿಜ್ಞೆ ಮಾಡಿದಳು.

"ಇವತ್ತ ಈ ದ್ವಾಣಿ ನಾ ಹೇಳಿದ ಎತ್ತರಕ್ಕ ಕೂಡಬೇಕು. ಇಲ್ಲಂದ್ರ ನಾ ಬಬಲೇಶ್ವರದ ಮಗಳಲ್ಲ!"

ಕೇಳಿಸಿಕೊಂಡದ್ದು ಒಲೆಯ ಮೇಲಿನ ಬೇಳೆ ಮಾತ್ರ. ತಥಾಸ್ತು ಎನ್ನುವಂತೆ ಉಕ್ಕಿ ಒಲೆಗೆ ಸುರಿಯಿತು.

ಆ ಮನೆಯಲ್ಲಿ ಎಲ್ಲವೂ ಎಂದಿನಂತಿದ್ದ ಕಡೆಯ ದಿನ ಅದು. ಯಾರಿಗೆ ಗೊತ್ತಿತ್ತು? ಗೊತ್ತಿದ್ದರೆ ರುದ್ರವ್ವ ಗಂಡನ ತಾಟಿಗೆ ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದಳು. ಜಗಳ ಮಾತ್ರ ಬಿಡುತ್ತಿರಲಿಲ್ಲ.

ಜೋರಾಪುರ ಪೇಟೆಯ ಆ ಮನೆಗೆ ಹಿತ್ತಲಿಲ್ಲ. ಕಾಯಿಪಲ್ಲೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲವನ್ನೂ ಬಕೀಟಿಗೆ ತುಂಬಿ, ಮೆಟ್ಟಿಲು ಹತ್ತಿ, ಓಣಿಯ ಗಟಾರಕ್ಕೆ ಸುರಿಯಬೇಕು. ಲಗ್ನವಾಗಿ ಬಂದಂದಿನಿಂದ ಹೊತ್ತಿದ್ದಳು. ಗಂಗೆಯನ್ನು ಭೂಮಿಗೆ ಇಳಿಸಿದವನಾದರೂ ಒಂದು ಸಲ ಇಳಿಸಿ ಸುಮ್ಮನಾದ. ರುದ್ರವ್ವ ದಿನಾ ಹೊತ್ತು ಮೇಲಕ್ಕೇರಿಸುತ್ತಿದ್ದಳು! ಅವಳ ಆಸೆ ಒಂದೇ. ಅಡುಗೆಮನೆಯಲ್ಲೇ ಒಂದು ಕಲ್ಲಿನ ದೋಣಿ, ತೊಳೆಯುವ ತೊಟ್ಟಿ, ಇರಬೇಕು. ಕೂತಲ್ಲೇ ತೊಳೆಯಬೇಕು. ಬೂಚು ಕಿತ್ತರೆ ನೀರು ತಾನೇ ಗಟಾರಕ್ಕೆ ಹೋಗಬೇಕು. ಮತ್ತೆ ಬಕೀಟು ಮುಟ್ಟಬಾರದು.

ಚೀನಾದ ಯುದ್ಧ ಮುಗಿದ ಮರುವರ್ಷ ಗಂಡ ಶಂಕ್ರೆಪ್ಪ ಕಡೆಗೂ ಹೂಂ ಅಂದ. ಅವನು ಅಡತಿ ಅಂಗಡಿಯಲ್ಲಿ ಕಾಳು ತೂಗುವವನು. ಬಾಗಿಲಿಗೆ ತಲೆ ತಾಗುವ ಆಳು. ಅವನ ಪಕ್ಕ ರುದ್ರವ್ವ ನಿಂತರೆ ಜೋಳದ ಚೀಲದ ಪಕ್ಕ ಸೇರು ಇಟ್ಟಂತೆ.

ಮೊದಲ ಜಗಳ ಅಳತೆಯದು.

"ನಾಕ ಸಿವುಡ ಮೆಂತೆ ಪಲ್ಲೆ ಹಿಡದರ ಸಾಕ್ರಿ," ಅಂದಳು ರುದ್ರವ್ವ.

"ನಾಕ ಸಿವುಡ? ನಿಮ್ಮ ತವರಮನಿ ಮಂದಿ ಬಂದ್ರ ಒಬ್ಬೊಬ್ಬರಿಗೇ ನಾಕ ಸಿವುಡ ಬೇಕು!"

"ಉಣ್ಣಾಕ ಬರ್ತಾರ, ಹೌದು. ನಿಮ್ಮ ತಿಕೋಟಾದವರಂಗ ಉಂಡು, ಕಟಗೊಂಡು ಹೋಗೂದಿಲ್ಲ!"

ಮಾತು ಬೆಳೆಯಿತು. ಅವನು ಸಿಟ್ಟಿನಲ್ಲಿ ಹೋಗಿ ತಿಕೋಟಾದಿಂದಲೇ ದೊಡ್ಡ ದೋಣಿ ತಂದ. ಚಕ್ಕಡಿಯ ಎತ್ತುಗಳು ಏದುಸಿರು ಬಿಡುತ್ತಿದ್ದವು. ಓಣಿಯ ಮಂದಿ ಕೂಡಿದರು. ಪಕ್ಕದ ಮನೆಯ ಹುಚ್ಚವ್ವ ಹಣಿಕಿ ನೋಡಿ ಕೇಳಿದಳು, "ಎಮ್ಮಿ ಯಾವಾಗ ಬರತೈತಿ ಬೇ?"

ಬಾಗಿಲ ಚೌಕಟ್ಟು ಕಿತ್ತು ದೋಣಿಯನ್ನು ಒಳಗೆ ತಂದದ್ದಾಯಿತು. ಇನ್ನು ಎಲ್ಲಿಡಬೇಕು? ಅಡುಗೆಮನೆಗೆ ಗೋಡೆ ನಾಲ್ಕು. ಒಂದಕ್ಕೆ ಒಲೆ. ಒಂದಕ್ಕೆ ದೇವರ ಮಾಡ. ಅಲ್ಲಿ ಎಂಜಲು ನೀರು ಹರಿಸಿದರೆ ಏಳು ಜನ್ಮದ ಪಾಪ. ಒಂದಕ್ಕೆ ಕೊಡಗಳ ಸಾಲು. ಉಳಿದದ್ದು ಓಣಿಯ ಕಡೆಯ ಗೋಡೆ. ಹೀಗೆ ಜಾಗದ ವಿಷಯದಲ್ಲಿ ಗಂಡಹೆಂಡಿರು ಒಮ್ಮತಕ್ಕೆ ಬಂದರು. ಅಂಥದು ಅದೊಂದೇ.

ಎತ್ತರದ ಯುದ್ಧ ಉಳಿದಿತ್ತು. ಅದೇ ಆ ಸೋಮವಾರ.

ಗೌಂಡಿ ಬುಡ್ಡೇಸಾಬ ಕರಣಿ ಹಿಡಿದು ನಿಂತಿದ್ದ. ಶಂಕ್ರೆಪ್ಪ ಹುರಿ ಹಿಡಿದು ಓಣಿಗೆ ಹೋದ, ಒಳಗೆ ಬಂದ, ಮತ್ತೆ ಹೋದ, ಮತ್ತೆ ಬಂದ. ಓಣಿಗೆಲ್ಲ ದರ್ಬಾರು ತೋರಿಸುತ್ತಿದ್ದಾನೆ ಎಂದು ರುದ್ರವ್ವ ಮೂಗು ಮುರಿದಳು. ಕಡೆಗೆ ಅವನು ತನ್ನ ಸೊಂಟದ ಹತ್ತಿರ ಗೋಡೆಗೆ ಗೆರೆ ಎಳೆದ.

"ದ್ವಾಣಿ ಅಂಚು ಇಲ್ಲಿಗಿ ಬರ್ಲಿ."

"ಅಲ್ಲಿಗಾ?" ರುದ್ರವ್ವ ಹೋಗಿ ಗೆರೆಗೆ ಬೆನ್ನು ಕೊಟ್ಟು ನಿಂತಳು. ಗೆರೆ ಅವಳ ಎದೆಗೆ ಬಂತು. "ನಾ ಪಲ್ಲೆ ತೊಳೀಬೇಕೋ, ಈಜ ಬೀಳಬೇಕೋ?"

"ಸೊಲ್ಲಾಪುರದಾಗ ಸಾವಕಾರರ ಮನ್ಯಾಗ ನಿಂತ ತೊಳೀತಾರ, ನಿಂತ ಅಡಗಿ ಮಾಡ್ತಾರ. ನಾ ಕಣ್ಣಾರೆ ನೋಡೇನಿ."

"ಪಾಪ, ಅವರ ಮನ್ಯಾಗ ಕೂಡಾಕ ಮಣಿ ಇಲ್ಲೇನೋ! ನಮ್ಮನ್ಯಾಗ ಐತಿ. ನಾ ಕೂತ ತೊಳಿಯಾಕಿ."

"ಮಾತ ಪೂರಾ ಕೇಳ. ನೀರ ಹೋಗೂದು..."

"ಸಾಕ ಮಾಡ್ರಿ ನಿಮ್ಮ ಸೊಲ್ಲಾಪುರದ ಪುರಾಣ!"

"ಸೊಲ್ಲಾಪುರ ಅಲ್ಲಬೇ, ಗಟಾರ..."

"ಗಟಾರದ ಮಾತ ದೇವರ ಮುಂದ ಬ್ಯಾಡ!"

ಶಂಕ್ರೆಪ್ಪ ದೇವರ ಮಾಡದ ಕಡೆ ನೋಡಿದ. ದೇವರು ಅವನ ಪರ ಬಾಯಿ ಬಿಡಲಿಲ್ಲ. ಬುಡ್ಡೇಸಾಬನಿಗೆ ಕಣ್ಣು ಮಿಟುಕಿಸಿದ. ಗಂಡಸರ ಈ ಕಣ್ಣಿನ ಭಾಷೆಗೆ ಯಾವ ಹೆಂಗಸು ಏನು ಮಾಡಲಾದೀತು! ಹೊತ್ತು ಇಳಿಯುವುದರಲ್ಲಿ ಎರಡು ಕಟ್ಟೆ ಎದ್ದವು. ಅಂಗಡಿಯ ಹಮಾಲರು ಬಂದು ಹೋ ಎಂದು ದೋಣಿ ಎತ್ತಿ ಕೂಡಿಸಿದರು. ಗೆರೆಗೆ ಸರಿಯಾಗಿ!

"ಯಾರ ಎತ್ತರಕ್ಕ ಇಟ್ಟೀರಿ, ಅವರ ತೊಳೀಲಿ," ಎಂದು ರುದ್ರವ್ವ ಪುಂಡಿಪಲ್ಲೆಯ ಸಿವುಡು ಗಂಡನ ಕೈಗೆ ತುರುಕಿದಳು.

"ತೊಳೀತೇನಿ! ಅದರಾಗೇನೈತಿ?"

ತೊಳೆದ. ಜೋಳ ತೂಗುವ ಕೈ, ಹಗುರವಾಗಿ ಮುಟ್ಟಿ ಗೊತ್ತಿಲ್ಲ. ಒಂದು ಕೊಡ ನೀರಿನಲ್ಲಿ ಅರ್ಧ ಅಂಗಿಗೆ, ಕಾಲು ಭಾಗ ಗೋಡೆಗೆ. ಉಳಿದದ್ದನ್ನು ಪಲ್ಲೆ ಕಂಡಿತು. ಬೂಚು ಕಿತ್ತ. ನೀರು ಗೊಳಕ್ಕನೆ ಹೋಯಿತು. ಹುಚ್ಚವ್ವ ಬಾಗಿಲಲ್ಲಿ ನಿಂತು ನಕ್ಕಳು.

"ರುದ್ರವ್ವಾ, ಬೆಳಿಗ್ಗಿ ನಮ್ಮನಿಗೂ ಕಳಸ ಇವರನ್ನ!"

ಅವತ್ತಿನ ಊಟಕ್ಕೆ ಪುಂಡಿಪಲ್ಲೆ. ಮೊದಲ ತುತ್ತಿಗೇ ಕಟಕ್ ಎಂದಿತು. ಎರಡನೆಯದಕ್ಕೂ ಕಟಕ್.

"ಮಳಲ ಐತ್ರಿ," ಅಂದಳು ರುದ್ರವ್ವ, ಗೆದ್ದ ಮುಖದಲ್ಲಿ.

"ಇರ್ಲಿ ಬಿಡ. ಹಲ್ಲ ಚೂಪ ಆಗ್ತಾವ," ಅಂದವನು ತಾಟು ಬರಿದು ಮಾಡಿ ಎದ್ದ. ಅವಳಿಗೆ ನಗೆ ಬಂತು. ತೋರಿಸಿಕೊಡಲಿಲ್ಲ. ಸೋತೆ ಅಂದುಕೊಂಡಾನು!

ಮರುದಿನ ಮಧ್ಯಾಹ್ನ ಶಂಕ್ರೆಪ್ಪ ತಕ್ಕಡಿಯ ಪಕ್ಕ ಚೀಲಕ್ಕೆ ಒರಗಿ ಕೂತ. ಏಳಲಿಲ್ಲ. ಹಿಂದಿನ ದಿನ ಕಲ್ಲು ಹೊತ್ತ ಹಮಾಲರೇ ಅವನನ್ನೂ ಹೊತ್ತು ತಂದರು.

ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಬರೆದು ಮುಗಿಯುವಂಥದಲ್ಲ.

ಬಂದವರೆಲ್ಲ ಹೋದರು. ಮನೆಯಲ್ಲಿ ರುದ್ರವ್ವ ಉಳಿದಳು, ದೋಣಿ ಉಳಿಯಿತು. ಅದು ಎತ್ತರದಲ್ಲಿ ಕೂತು ಅವಳನ್ನು ನೋಡುತ್ತಿತ್ತು. ಒಂದು ದಿನ ಮಣೆ ಹತ್ತಿ ತೊಳೆಯಹೋಗಿ, ಮಣೆ ಜಾರಿ, ಅಕ್ಕಿಯ ಸಮೇತ ನೆಲಕ್ಕೆ ಬಿದ್ದಳು. ಎದ್ದವಳೇ ಬುಡ್ಡೇಸಾಬನಿಗೆ ಹೇಳಿಕಳಿಸಿದಳು. ಈಗ ಎದುರು ಹೇಳುವವರು ಯಾರಿದ್ದಾರೆ? ಗೆಲ್ಲುವುದು ಇಷ್ಟು ಸುಲಭವಾದದ್ದು ಅವಳಿಗೇ ಸರಿಬರಲಿಲ್ಲ.

"ಇಳಸು. ನಾ ಕೂತ್ರ ಕೈ ಮುಟ್ಟಬೇಕು."

"ಅಕ್ಕಾರ, ಅಣ್ಣಾರು ಆ ಎತ್ತರ ಯಾಕ ಹೇಳಿದ್ರಂದ್ರ..."

"ಅಣ್ಣಾರು ಹೇಳಿದ್ದು ಭಾಳ ಆತು. ಈಗ ನಾ ಹೇಳಾಕತ್ತೇನಿ."

ಬುಡ್ಡೇಸಾಬ ಹಮಾಲರನ್ನು ಕರೆದು ದೋಣಿ ಇಳಿಸಿದ. ಗೋಡೆಯ ಹಳೆಯ ತೂತು ಮುಚ್ಚಿದ. ಕೆಳಗೆ ಹೊಸ ತೂತು ಕೊರೆಯಲು ಕೂತ. ಸ್ವಲ್ಪ ಹೊತ್ತಿಗೆ ತಲೆ ಕೆರೆದುಕೊಂಡ.

"ಅಕ್ಕಾರ, ಗಟಾರ ಮುಟ್ಟಬೇಕಾದ್ರ ತೂತು ಮ್ಯಾಲಕ್ಕ ಹೋಗತೈತ್ರಿ."

"ಹೋದ್ರ ಹೋಗ್ಲಿ! ತೂತಿನ ಎತ್ತರಾನೂ ನಿಮ್ಮ ಅಣ್ಣಾರನ್ನ ಕೇಳಲೇನು? ಕೊರಿ!"

ಕೊರೆದ.

ಮರುದಿನ ಮುಂಜಾನೆ ರುದ್ರವ್ವ ಮಣೆ ಹಾಕಿ, ಪಟ್ಟಕ್ಕೆ ಕೂತ ರಾಣಿಯಂತೆ ಕೂತಳು. ಮೆಂತೆ ಪಲ್ಲೆ ತೊಳೆದಳು. ಒಂದು ಹರಳು ಮಳಲು ಉಳಿಯಲಿಲ್ಲ! ತೊಳೆದ ಪಲ್ಲೆ ಬುಟ್ಟಿಗೆ ಹಾಕಿ ಬೂಚು ಕಿತ್ತಳು.

ನೀರು ಅಲ್ಲೇ ನಿಂತಿತು. ಕಾದಳು. ಕಡ್ಡಿ ಹಾಕಿ ಚುಚ್ಚಿದಳು. ಒಳಗಿನಿಂದ ಗುಡುಗುಡು ಸದ್ದು ಬಂತು. ಅಬ್ಬಾ, ಹೊರಟಿತು ಎಂದುಕೊಂಡಳು. ಹೊರಟದ್ದು ಹೌದು, ಆದರೆ ಈ ಕಡೆಗೆ! ನೀರು ಕಡಿಮೆಯಾಗುವ ಬದಲು ಏರತೊಡಗಿತು. ಸಾಬೂನಿನ ನೊರೆ ಬಂತು. ಚಹಾದ ಪುಡಿ ಬಂತು. ಹಿಂದೆಯೇ ಹಸಿರು ತೊಟ್ಟುಗಳು, ದಿಬ್ಬಣದ ಮಂದಿಯಂತೆ ಸಾಲಾಗಿ ಬಂದವು. ರುದ್ರವ್ವ ಒಂದನ್ನು ಎತ್ತಿ ಹಿಡಿದು ನೋಡಿದಳು.

"ಹುಚ್ಚವ್ವಾ! ಇವತ್ತ ನಿಮ್ಮನ್ಯಾಗ ಬದನಿಕಾಯಿ ಏನ?"

"ಹೌದ ಬೇ! ವಾಸನಿ ಬಂತೇನ?"

"ತೊಟ್ಟ ಬಂದಾವ!"

ಹುಚ್ಚವ್ವ ಓಡಿ ಬಂದಳು. ಇಬ್ಬರೂ ದೋಣಿಯನ್ನು ನೋಡಿದರು. ಓಣಿಗೆ ಹೋಗಿ ಗಟಾರ ನೋಡಿದರು. ಮತ್ತೆ ಒಳಗೆ ಬಂದು ದೋಣಿ ನೋಡಿದರು. ಹುರಿ ಹಿಡಿಯದಿದ್ದರೂ ಅಳತೆ ತಿಳಿಯಿತು. ಓಣಿಗೆ ಖಡಿ ಹಾಕಿ ಹಾಕಿ ರಸ್ತೆ ಏರಿತ್ತು, ರಸ್ತೆಯ ಜೊತೆ ಗಟಾರವೂ ಏರಿತ್ತು. ಮನೆ ಮಾತ್ರ ತಳದಲ್ಲೇ ಇತ್ತು. ಗಟಾರದ ತಳ ಅಡುಗೆಮನೆಯ ನೆಲಕ್ಕಿಂತ ಒಂದು ಮೊಳ ಮೇಲೆ. ದೋಣಿಯನ್ನು ಶಂಕ್ರೆಪ್ಪನ ಗೆರೆಗಿಂತ ಕೆಳಗೆ ಎಲ್ಲಿ ಇಟ್ಟರೂ ನೀರು ಹೋಗುತ್ತಿರಲಿಲ್ಲ.

ರುದ್ರವ್ವ ಒದ್ದೆ ನೆಲದ ಮೇಲೆ ಕೂತಳು. "ಬಾಯಿಬಿಟ್ಟ ಹೇಳಾಕ ಏನಾಗಿತ್ತು ಆ ಮನಷಾಗ?" ಎಂದು ಜೋರಾಗಿ ಬೈದಳು. ಬೈಯುತ್ತ ಬೈಯುತ್ತ ಅತ್ತಳು. ಹುಚ್ಚವ್ವ ಬೆನ್ನು ಸವರಿದಳು. ಆಮೇಲೆ ಬದನೆಯ ತೊಟ್ಟುಗಳನ್ನು ಆರಿಸಿಕೊಂಡು ಹೋದಳು.

ಸುದ್ದಿ ತಿಳಿದು ಬುಡ್ಡೇಸಾಬ ಬಂದ. "ಅಕ್ಕಾರ, ಮತ್ತ ಎತ್ತಿ ಇಡ್ತೇನ್ರಿ. ಸುಮ್ಮನ ಮಾಡ್ತೇನಿ, ಏನೂ ಕೊಡಬ್ಯಾಡ್ರಿ."

"ಬ್ಯಾಡೋ ಯಪ್ಪಾ. ಇದ್ದಾಗ ಅವರ ಮಾತ ಒಂದ ದಿನ ಕೇಳಲಿಲ್ಲ. ಈಗ ಕೇಳಿದ್ರ ಅವರಿಗೂ ಅಂಜಿಕಿ ಆದೀತು."

ದೋಣಿ ಅಲ್ಲೇ ಇದೆ. ಹೊಸಬರು ಯಾರಾದರೂ ಕೇಳುವುದುಂಟು, "ಮನ್ಯಾಗ ದ್ವಾಣಿ ಇಟಗೊಂಡು ನೀರ ಹೊರತೀಯಲ್ಲ, ಯಾಕ ಬೇ?"

"ಜಗಳದಾಗ ನಾ ಗೆದ್ದೀನಿ. ಅದಕ್ಕ ಹೊರಾಕತ್ತೇನಿ," ಎನ್ನುತ್ತಾಳೆ ರುದ್ರವ್ವ.

ಈಗಲೂ ದಿನಾ ಮುಂಜಾನೆ ಹುಚ್ಚವ್ವನ ಮನೆಯ ಬಾಗಿಲು ತೆರೆಯುವ ಮೊದಲು ತೂತಿಗೆ ಅರಿವೆ ಗಿಡಿಯುತ್ತಾಳೆ. ಪಲ್ಲೆ ತೊಳೆಯುತ್ತಾಳೆ. ದೋಣಿಯ ನೀರನ್ನು ತಂಬಿಗೆಯಿಂದ ಮೊಗೆದು ಬಕೀಟಿಗೆ ತುಂಬುತ್ತಾಳೆ. ಮೆಟ್ಟಿಲು ಹತ್ತಿ ಹೋಗಿ ಗಟಾರಕ್ಕೆ ಸುರಿಯುತ್ತಾಳೆ. ಇಳಿದು ಬರುತ್ತಾಳೆ. ದೋಣಿ ದೊಡ್ಡದು. ಮತ್ತೆ ತುಂಬುತ್ತಾಳೆ.